ಊಟದ ಮೇಲೆ ಹತ್ತು ನಿಮಿಷ ನಡೆದರೆ ಶುಗರ್ ಇಳಿಯುತ್ತದೆ, ನಿಜ. ಹಾಗಂತ ಮಾತ್ರೆ ಬಿಡಬಹುದೇ?

"ಊಟ ಆದ ತಕ್ಷಣ ಹತ್ತು ನಿಮಿಷ ನಡೆಯಿರಿ. 21 ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ. ಮಾತ್ರೆ ಬೇಡ, ಇನ್ಸುಲಿನ್ ಬೇಡ. ಕನಿಷ್ಠ ಹತ್ತು ಜನರಿಗೆ ಕಳುಹಿಸಿ, ಪುಣ್ಯ ಕಟ್ಟಿಕೊಳ್ಳಿ."

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಒಂದರಲ್ಲಿ 21 ದಿನ ಇದ್ದರೆ ಇನ್ನೊಂದರಲ್ಲಿ 40 ದಿನ. ಮತ್ತೊಂದರಲ್ಲಿ ವಾಕಿಂಗ್ ಜೊತೆಗೆ ಮೆಂತ್ಯದ ನೀರೋ ಹಾಗಲಕಾಯಿ ಜ್ಯೂಸೋ ಸೇರಿಕೊಂಡಿರುತ್ತದೆ. ಇಡೀ ಸಂದೇಶ ಸುಳ್ಳಾಗಿದ್ದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಮೊದಲ ವಾಕ್ಯ ನಿಜ, ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚೇ ನಿಜ. ಎರಡನೆಯದು ಸುಳ್ಳು. ಮೂರನೆಯದನ್ನು ನಂಬಿದವರು ಆಸ್ಪತ್ರೆ ಸೇರಬಹುದು. ಮೂರೂ ಒಂದೇ ಉಸಿರಿನಲ್ಲಿ ಬರುವುದರಿಂದ ಬೇರ್ಪಡಿಸಿ ನೋಡುವುದು ಕಷ್ಟವಾಗಿದೆ. ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹಾಗಾಗಿ ಇಂಥ ಸಂದೇಶ ಯಾವ ಗ್ರೂಪಿಗೆ ಹೋದರೂ ಅಲ್ಲಿ ಅದನ್ನು ಪಾಲಿಸಲು ಒಬ್ಬರಾದರೂ ಇರುತ್ತಾರೆ.

ನಡೆದರೆ ಶುಗರ್ ಇಳಿಯುವುದು ಹೇಗೆ?

ಅನ್ನ, ಮುದ್ದೆ, ಚಪಾತಿ ಏನೇ ತಿಂದರೂ ಅದರ ಪಿಷ್ಟ ಗ್ಲುಕೋಸ್ ಆಗಿ ರಕ್ತ ಸೇರುತ್ತದೆ. ಆ ಗ್ಲುಕೋಸ್ ಅನ್ನು ರಕ್ತದಿಂದ ಎಳೆದುಕೊಳ್ಳುವ ದೊಡ್ಡ ಗಿರಾಕಿ ನಮ್ಮ ಸ್ನಾಯುಗಳು. ಕುಳಿತಿರುವಾಗ ಸ್ನಾಯುವಿನ ಬಾಗಿಲು ತೆರೆಯಲು ಇನ್ಸುಲಿನ್ ಬೇಕೇ ಬೇಕು. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಬಂದು ತಟ್ಟಿದರೂ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಆದರೆ ಸ್ನಾಯುವಿಗೆ ಇನ್ನೊಂದು ದಾರಿಯೂ ಇದೆ. ಅದು ಕೆಲಸ ಮಾಡತೊಡಗಿದ ಕೂಡಲೇ ಒಳಗಿರುವ ಗ್ಲುಟ್-4 ಎಂಬ ಸಾಗಣೆ ಪ್ರೋಟೀನ್‌ಗಳು ಕೋಶದ ಅಂಚಿಗೆ ಬಂದು ನಿಂತು ಗ್ಲುಕೋಸ್ ಅನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಇದಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ. ಈ ಹಿತ್ತಲ ಬಾಗಿಲು ಮಧುಮೇಹ ಇರುವವರಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ನ ಮಾತನ್ನು ಸ್ವಲ್ಪ ಹೆಚ್ಚು ಕೇಳುತ್ತದೆ. ಮಧುಮೇಹಿಗಳು ವ್ಯಾಯಾಮಕ್ಕೆ ಸತತ ಎರಡು ದಿನಕ್ಕಿಂತ ಹೆಚ್ಚು ರಜೆ ಕೊಡಬಾರದು ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಭಾನುವಾರ ಒಂದೇ ದಿನ ಎರಡು ಗಂಟೆ ಬೆವರು ಸುರಿಸಿ ಉಳಿದ ದಿನ ಸೋಫಾ ಹಿಡಿಯುವವರಿಗೆ ಈ ಲಾಭ ಸಿಗುವುದಿಲ್ಲ.

ಊಟವೇ ಏಕೆ ಮುಖ್ಯ ಎಂದರೆ, ರಕ್ತದಲ್ಲಿ ಸಕ್ಕರೆ ಏರುವುದೇ ಆಗ. ಸಾಮಾನ್ಯವಾಗಿ ತಿಂದ ಒಂದರಿಂದ ಒಂದೂವರೆ ಗಂಟೆಯ ಹೊತ್ತಿಗೆ ಅದು ಶಿಖರ ಮುಟ್ಟುತ್ತದೆ. ಆ ಏರುವ ದಾರಿಯಲ್ಲೇ ಕಾಲಿನ ದೊಡ್ಡ ಸ್ನಾಯುಗಳಿಗೆ ಕೆಲಸ ಕೊಟ್ಟರೆ ಶಿಖರ ತಗ್ಗುತ್ತದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಮಧುಮೇಹ ಇರುವ 41 ಜನರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಎರಡು ವಾರ ದಿನಕ್ಕೆ 30 ನಿಮಿಷ ಯಾವಾಗ ಬೇಕಾದರೂ ನಡೆಯುವುದು, ಇನ್ನೆರಡು ವಾರ ಮೂರು ಹೊತ್ತಿನ ಊಟದ ನಂತರ ಹತ್ತತ್ತು ನಿಮಿಷ ನಡೆಯುವುದು. ಒಟ್ಟು ನಿಮಿಷ ಎರಡರಲ್ಲೂ ಅಷ್ಟೇ. ಆದರೂ ಊಟದ ನಂತರ ನಡೆದಾಗ, ಉಂಡ ಮೇಲೆ ಏರುವ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇ 22ರಷ್ಟು ಕಡಿಮೆ. ರಾತ್ರಿ ಅವರು ಹೆಚ್ಚು ತಿನ್ನುತ್ತಿದ್ದರು, ತಿಂದ ಮೇಲೆ ಕೂತೇ ಇರುತ್ತಿದ್ದರು. ಒಂಬತ್ತು ಗಂಟೆಗೆ ಅನ್ನ ಸಾರು ಉಂಡು ಧಾರಾವಾಹಿ ಮುಂದೆ ಕೂರುವ ನಮ್ಮ ಮನೆಗಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ದಿನಕ್ಕೆ ಒಂದೇ ಸಲ ನಡೆಯಲು ಸಾಧ್ಯ ಎನ್ನುವವರು ರಾತ್ರಿ ಊಟದ ನಂತರದ ಹತ್ತು ನಿಮಿಷವನ್ನೇ ಆರಿಸಿಕೊಳ್ಳುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಮನೆ ಮುಂದಿನ ರಸ್ತೆಯೋ ಮಹಡಿಯೋ ಸಾಕು.

ನೂರು ಹೆಜ್ಜೆಯೋ, ಹತ್ತು ಸಾವಿರವೋ?

ಊಟದ ಮೇಲೆ ನೂರು ಹೆಜ್ಜೆ ಹಾಕಬೇಕು ಎಂಬ ಮಾತು ನಮ್ಮಲ್ಲಿ ಹಳೆಯದು. ಸರ್ವಜ್ಞನ ಹೆಸರಿನ ಒಂದು ತ್ರಿಪದಿಯಲ್ಲೂ ಅದು ಬರುತ್ತದೆ. ದಿಕ್ಕು ಸರಿಯಾಗಿದೆ, ಆದರೆ ಪ್ರಮಾಣ ಸ್ವಲ್ಪ ಕಡಿಮೆ. ಚುರುಕಾಗಿ ನಡೆಯುವವರು ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತಾರೆ, ಅಂದರೆ ನೂರು ಹೆಜ್ಜೆ ಬರೀ ಒಂದು ನಿಮಿಷ. ಹತ್ತು ನಿಮಿಷ ಎಂದರೆ ಸಾವಿರ ಹೆಜ್ಜೆಯ ಆಸುಪಾಸು.

ಇನ್ನು ಫೋನು, ವಾಚು ದಿನಾ ಕೇಳುವ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಮಾರುಕಟ್ಟೆಗೆ ಬಂತು. ಅದರ ಹೆಸರೇ 'ಮಾನ್ಪೊ-ಕೇ', ಎಂದರೆ 'ಹತ್ತು ಸಾವಿರ ಹೆಜ್ಜೆ ಮಾಪಕ'. ಜಾಹೀರಾತಿನ ಸಂಖ್ಯೆ ಕಾಲಕ್ರಮೇಣ ಆರೋಗ್ಯದ ನಿಯಮವಾಗಿ ಕೂತಿತು. ಹತ್ತು ಸಾವಿರ ನಡೆದರೆ ಒಳ್ಳೆಯದೇ. ಆದರೆ ಮೂರು ಸಾವಿರಕ್ಕೇ ಮಂಡಿ ಹಿಡಿಯುವ 65ರ ಅಮ್ಮನಿಗೆ ಅದನ್ನು ಗುರಿಯಾಗಿ ಕೊಟ್ಟರೆ ಅವರು ನಾಲ್ಕನೇ ದಿನಕ್ಕೆ ಮೂರು ಸಾವಿರವನ್ನೂ ಬಿಡುತ್ತಾರೆ.

ಎಷ್ಟು ಜೋರಾಗಿ ನಡೆಯಬೇಕು ಎಂದು ತಿಳಿಯಲು ಯಂತ್ರ ಬೇಡ. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಅಷ್ಟಿದ್ದರೆ ಮಧ್ಯಮ ವ್ಯಾಯಾಮ. ವಾರಕ್ಕೆ ಇಂಥ 150 ನಿಮಿಷ ಬೇಕು ಎನ್ನುವುದು ಜಗತ್ತಿನ ಬಹುತೇಕ ವೈದ್ಯ ಸಂಘಗಳ ಸಲಹೆ. ಊಟದ ನಂತರದ್ದಾದರೆ ಇನ್ನೂ ನಿಧಾನವಾಗಿದ್ದರೂ ಸರಿಯೇ.

"ನಾನು ದಿನವಿಡೀ ಮನೆಕೆಲಸ ಮಾಡುತ್ತೇನೆ, ಅದೇ ವ್ಯಾಯಾಮ ಅಲ್ಲವೇ?" ಈ ಪ್ರಶ್ನೆಯನ್ನು ಹೆಂಗಸರು ಕೇಳಿದಾಗ ಅನೇಕರು ನಕ್ಕು ಬಿಡುತ್ತಾರೆ. ನಗುವುದು ಸರಿಯಲ್ಲ. ಗುಡಿಸುವುದು, ಒರೆಸುವುದು, ಬಟ್ಟೆ ಒಗೆದು ಹಿಂಡುವುದು ಎಲ್ಲವೂ ಸ್ನಾಯುವಿನ ಕೆಲಸವೇ, ಲೆಕ್ಕಕ್ಕೆ ಬರುತ್ತದೆ. ಅಡುಗೆ ಕಟ್ಟೆಯ ಮುಂದೆ ನಿಂತಿರುವುದು ಅಷ್ಟಾಗಿ ಬರುವುದಿಲ್ಲ. ಆಯಾಸವಾಗುವುದಕ್ಕೂ ಸ್ನಾಯು ದುಡಿಯುವುದಕ್ಕೂ ವ್ಯತ್ಯಾಸವಿದೆ, ಅಷ್ಟೇ.

ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ವಿಷಯದಲ್ಲಿ ಮೆಲ್ಬರ್ನ್‌ನ ಬೇಕರ್ ಸಂಸ್ಥೆಯವರ ಅಧ್ಯಯನ ನೋಡಬೇಕು. ಟೈಪ್ 2 ಮಧುಮೇಹದ 24 ಜನರನ್ನು ಒಂದು ದಿನ ಎಂಟು ಗಂಟೆ ಕೂರಿಸಿದರು. ಇನ್ನೊಂದು ದಿನ ಪ್ರತಿ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ನಿಧಾನವಾಗಿ ನಡೆಸಿದರು. ಮತ್ತೊಂದು ದಿನ ನಡಿಗೆಯ ಬದಲು ಅರ್ಧ ಬಸ್ಕಿ ಹೊಡೆಸಿ, ನಿಂತಲ್ಲೇ ಹಿಮ್ಮಡಿ ಎತ್ತುವಂಥ ಸರಳ ಚಲನೆ ಮಾಡಿಸಿದರು. ಬರೀ ಕೂತ ದಿನಕ್ಕೆ ಹೋಲಿಸಿದರೆ ತಿಂಡಿ, ಊಟದ ನಂತರದ ಸಕ್ಕರೆಯ ಏರಿಕೆ ಈ ಎರಡೂ ದಿನ ಸುಮಾರು ಶೇ 39ರಷ್ಟು ಕಡಿಮೆಯಾಗಿತ್ತು. ಬೆವರೇ ಬರದ ವ್ಯಾಯಾಮ ಇದು. ಅಂದ ಹಾಗೆ, "ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಶುಗರ್ ಅರ್ಧಕ್ಕೆ" ಎನ್ನುವ ವಿಡಿಯೊ ಹರಿದಾಡುತ್ತಿದೆಯಲ್ಲ, ಅದರ ಮೂಲ ಹ್ಯೂಸ್ಟನ್ ವಿಶ್ವವಿದ್ಯಾಲಯದ 2022ರ ಅಧ್ಯಯನ. ಅಧ್ಯಯನ ನಿಜ. ಆದರೆ ಅದರಲ್ಲಿ ಪಾಲ್ಗೊಂಡವರು ಕೆಲವೇ ಜನ, ಅವರು ಹಿಮ್ಮಡಿ ಎತ್ತಿದ್ದು ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು. ವಿಡಿಯೊ ಈ ಭಾಗವನ್ನು ಹೇಳುವುದಿಲ್ಲ.

'ಮಾಯ' ಎಂಬ ಮಾತು

ಈಗ ಸಂದೇಶದ ಎರಡನೇ ವಾಕ್ಯಕ್ಕೆ ಬರೋಣ. ವ್ಯಾಯಾಮದಿಂದ ಎಷ್ಟು ಲಾಭ ಎನ್ನುವುದಕ್ಕೆ ಲೆಕ್ಕವಿದೆ. 2011ರಲ್ಲಿ 47 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರಮಬದ್ಧವಾಗಿ ವ್ಯಾಯಾಮ ಮಾಡಿದ ಟೈಪ್ 2 ಮಧುಮೇಹಿಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ತಿಳಿಸುವ ಪರೀಕ್ಷೆ) ಸರಾಸರಿ 0.67ರಷ್ಟು ಇಳಿದಿತ್ತು. 8.2 ಇದ್ದದ್ದು 7.5 ಆದ ಹಾಗೆ. ಇದು ಸಣ್ಣದಲ್ಲ, ಕೆಲವು ಮಾತ್ರೆಗಳ ಶಕ್ತಿಗೆ ಹತ್ತಿರ. ಕಣ್ಣು, ಮೂತ್ರಪಿಂಡ, ನರಗಳ ಮೇಲಿನ ಹಾನಿ ಇಂಥ ಇಳಿಕೆಯಿಂದಲೇ ತಗ್ಗುವುದು. ಆದರೆ ಇದು ಮಾಯವಾಗುವುದಲ್ಲ, ಹತೋಟಿಗೆ ಬರುವುದು. ನಡಿಗೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಲಾಭವೂ ನಿಲ್ಲುತ್ತದೆ.

ಇನ್ನೂ ಮಧುಮೇಹ ಬಾರದ, ಹೊಸ್ತಿಲಲ್ಲಿರುವವರ ಕಥೆ ಬೇರೆ, ಅಲ್ಲಿ ನಡಿಗೆಗೆ ಹೆಚ್ಚು ಬಲವಿದೆ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿ ಇಂಥ 531 ಜನರಿದ್ದರು. ವಿಶೇಷವಾಗಿ ಏನನ್ನೂ ಮಾಡದವರಲ್ಲಿ ಮೂರು ವರ್ಷದೊಳಗೆ ಶೇ 55 ಮಂದಿಗೆ ಮಧುಮೇಹ ಬಂತು. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದು ಊಟ ತಿದ್ದಿಕೊಂಡವರಲ್ಲಿ ಸುಮಾರು ಶೇ 39 ಮಂದಿಗೆ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ ಸಿಕ್ಕ ಫಲವೂ ಹೆಚ್ಚುಕಡಿಮೆ ಅಷ್ಟೇ. ಆ ಅಧ್ಯಯನದಲ್ಲಿ ಆಗಲೇ ಮೈಮುರಿದು ದುಡಿಯುತ್ತಿದ್ದವರಿಗೆ ಹೆಚ್ಚುವರಿ ವಾಕಿಂಗ್ ಹೇಳಿರಲಿಲ್ಲ. ಗದ್ದೆ ಕೆಲಸ ಮಾಡಿ ಬಂದ ರೈತನಿಗೆ ಪಾರ್ಕ್ ತೋರಿಸಬೇಕಿಲ್ಲ ಎನ್ನುವ ಸಾಮಾನ್ಯ ಜ್ಞಾನ ಅದು.

"ಆದರೆ ಮಾತ್ರೆ ಬಿಟ್ಟು ಆರಾಮಾಗಿರುವವರನ್ನು ನಾನೇ ನೋಡಿದ್ದೇನೆ" ಎಂದು ನೀವು ಹೇಳಬಹುದು. ಇದ್ದಾರೆ. ಬ್ರಿಟನ್ನಿನ 'ಡೈರೆಕ್ಟ್' ಎಂಬ ಅಧ್ಯಯನದಲ್ಲಿ ಶೇ 46 ಮಂದಿ ಒಂದು ವರ್ಷದ ನಂತರ ಮಾತ್ರೆಯಿಲ್ಲದೆ ಮಧುಮೇಹದ ಗಡಿಯ ಕೆಳಗಿದ್ದರು. ಅವರೆಲ್ಲರಿಗೆ ಕಾಯಿಲೆ ಬಂದು ಆರು ವರ್ಷ ದಾಟಿರಲಿಲ್ಲ, ಯಾರೂ ಇನ್ಸುಲಿನ್ ಮೇಲಿರಲಿಲ್ಲ. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರದಲ್ಲಿ ಇದ್ದು ತೂಕ ಇಳಿಸಿದರು. ಮಾತ್ರೆ ನಿಲ್ಲಿಸಿದ್ದು ವೈದ್ಯಕೀಯ ತಂಡದ ನಿಗಾದಲ್ಲಿ. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ತೂಕದ ಇಳಿಕೆ, ಹತ್ತು ನಿಮಿಷದ ನಡಿಗೆಯಲ್ಲ. ಎರಡನೇ ವರ್ಷಕ್ಕೆ ಆ ಶೇ 46 ಸುಮಾರು 36ಕ್ಕೆ ಇಳಿಯಿತು.

ಟೈಪ್ 1 ಮಧುಮೇಹ ಇರುವವರಿಗಂತೂ ಇದಾವುದೂ ಅನ್ವಯಿಸುವುದಿಲ್ಲ. ಅವರ ದೇಹದಲ್ಲಿ ಇನ್ಸುಲಿನ್ ಇಲ್ಲವೆನ್ನುವಷ್ಟು ಕಡಿಮೆ. ಫಾರ್ವರ್ಡ್ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ, ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತು ಬರುತ್ತದೆ.

ಯಾರೂ ಫಾರ್ವರ್ಡ್ ಮಾಡದ ಭಾಗ: ಲೋ ಶುಗರ್

ಮಾತ್ರೆ ಬಿಡುವುದು ಒಂದು ಅಪಾಯ. ಮಾತ್ರೆ ತೆಗೆದುಕೊಳ್ಳುತ್ತಲೇ ದಿಢೀರನೆ ವಾಕಿಂಗ್ ಹೆಚ್ಚಿಸಿದರೆ ಕೆಲವರಿಗೆ ಅದರ ಉಲ್ಟಾ ಅಪಾಯ ಎದುರಾಗುತ್ತದೆ.

ಇದು ಹೊಸ ಸಂಗತಿಯಲ್ಲ. ಲಂಡನ್ನಿನ ವೈದ್ಯ ಆರ್.ಡಿ. ಲಾರೆನ್ಸ್ ಅವರಿಗೆ ಸ್ವತಃ ಮಧುಮೇಹವಿತ್ತು. 1923ರಲ್ಲಿ ಹೊಸದಾಗಿ ಬಂದ ಇನ್ಸುಲಿನ್‌ನಿಂದ ಬದುಕಿಕೊಂಡವರು ಅವರು. ವ್ಯಾಯಾಮ ಮಾಡಿದರೆ ಅಷ್ಟೇ ಪ್ರಮಾಣದ ಇನ್ಸುಲಿನ್ ಹೆಚ್ಚು ಜೋರಾಗಿ ಕೆಲಸ ಮಾಡಿ ಸಕ್ಕರೆಯನ್ನು ಇಳಿಸುತ್ತದೆ ಎಂದು 1926ರಲ್ಲೇ ಬರೆದರು. ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ಒಟ್ಟಿಗೆ ತೆರೆದಂತೆ ಅದು.

ನಮ್ಮ ಸೋದರಮಾವ ನಿವೃತ್ತಿಯಾದ ಹೊಸದರಲ್ಲಿ ಇದನ್ನು ಅನುಭವಿಸಿದರು. ಬೆಳಗ್ಗೆ ಎದ್ದು ಶುಗರ್ ಮಾತ್ರೆ ನುಂಗಿ, "ವಾಕಿಂಗ್ ಮುಗಿಸಿ ಬಂದು ತಿಂಡಿ ತಿಂತೀನಿ ಕಣೇ" ಎಂದು ಅತ್ತೆಗೆ ಹೇಳಿ ಹೊರಟವರು ಮುಕ್ಕಾಲು ಗಂಟೆಯ ನಂತರ ಪಾರ್ಕಿನ ಬೆಂಚಿನ ಮೇಲೆ ಬೆವೆತು, ನಡುಗುತ್ತ, ತೊದಲುತ್ತ ಕೂತಿದ್ದರು. ಬೆಳಬೆಳಗ್ಗೆಯೇ ಕುಡಿದಿದ್ದಾರೆ ಎಂದುಕೊಂಡು ಇಬ್ಬರು ದೂರ ಸರಿದು ಹೋದರಂತೆ. ಮೂರನೆಯವರೂ ಶುಗರ್ ಇದ್ದವರೇ, ಜೇಬಿನಿಂದ ಗ್ಲುಕೋಸ್ ಪುಡಿ ತೆಗೆದು ನೀರಿಗೆ ಬೆರೆಸಿ ಕುಡಿಸಿದರು.

ಈ ಅಪಾಯ ಎಲ್ಲರಿಗೂ ಸಮನಾಗಿಲ್ಲ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಲೋ ಶುಗರ್ ಅಪರೂಪ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಲ್ಲಿ ಹೆಚ್ಚು. ನಮ್ಮಲ್ಲಿ ಎರಡು ಔಷಧ ಸೇರಿಸಿದ ಒಂದೇ ಮಾತ್ರೆ ಬಹಳ ಸಾಮಾನ್ಯ. ಮೆಟ್‌ಫಾರ್ಮಿನ್ ಮಾತ್ರ ಎಂದುಕೊಂಡಿರುವ ಎಷ್ಟೋ ಜನರ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಕೂಡ ಇರುತ್ತದೆ. ಈಗಲೇ ಎದ್ದು ಸ್ಟ್ರಿಪ್ಪಿನ ಹಿಂಭಾಗದ ಸಣ್ಣಕ್ಷರ ಓದಿ. ಕನ್ನಡಕ ಸಾಲದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಲೋ. ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಇದ್ದಕ್ಕಿದ್ದಂತೆ ಹಸಿವು, ವಿನಾಕಾರಣ ಸಿಡುಕು, ಕಣ್ಣು ಮಂಜು ಇದರ ಲಕ್ಷಣಗಳು. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆ ಬಡಿತ ಕಾಣಿಸದೆಯೂ ಇರಬಹುದು, ಬೆವರು ಮಾತ್ರ ಬರುತ್ತದೆ. ಆಗ ತಕ್ಷಣ ನಿಂತು ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲುಕೋಸ್ ಪುಡಿಯನ್ನೋ ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿಲ್ಲದಿದ್ದರೆ ಇನ್ನೊಮ್ಮೆ. ಚಾಕೊಲೇಟು, ಪೇಡ ಬೇಡ, ಅವುಗಳ ಕೊಬ್ಬು ಸಕ್ಕರೆ ಬೇಗ ರಕ್ತ ಸೇರಲು ಬಿಡುವುದಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆಯೂ ತಡವಾಗಿ ಹತ್ತುತ್ತದೆ, ಗ್ಲುಕೋಸ್ ಪುಡಿಯೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೆರಡು ಮಾತು. ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆಯಲು ಹೋಗಬೇಡಿ, ಕಾಲು ಆಡಿದಂತೆ ಅದು ಬೇಗ ರಕ್ತಕ್ಕೆ ಇಳಿಯುತ್ತದೆ. ಸಂಜೆ ಎಂದಿಗಿಂತ ಹೆಚ್ಚು ಶ್ರಮವಾದ ದಿನ ಮಧ್ಯರಾತ್ರಿ ಶುಗರ್ ಬೀಳಬಹುದು, ಮಲಗುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಈ ದೃಷ್ಟಿಯಿಂದಲೂ ಊಟದ ನಂತರದ ನಡಿಗೆಯೇ ಸುರಕ್ಷಿತ. ಹೊಟ್ಟೆಯಿಂದ ಸಕ್ಕರೆ ಬರುತ್ತಿರುವ ಹೊತ್ತಿನಲ್ಲಿ ಅದು ತೀರಾ ಕೆಳಗೆ ಬೀಳುವ ಸಂಭವ ಕಡಿಮೆ. ಬೆಳಗಿನ ತಂಪಿನಲ್ಲಿ ನಡೆಯುವ ಅಭ್ಯಾಸ ಇರುವವರು ಬಿಡಬೇಕಿಲ್ಲ. ಮಾತ್ರೆ, ತಿಂಡಿ, ನಡಿಗೆ ಇವುಗಳ ಕ್ರಮವನ್ನು ಮಾತ್ರ ವೈದ್ಯರನ್ನು ಕೇಳಿ ಸರಿಮಾಡಿಕೊಳ್ಳಿ. (ವಾಕಿಂಗ್ ಮುಗಿಸಿ ಗುಂಪಾಗಿ ಹೋಟೆಲಿಗೆ ನುಗ್ಗಿ ಕೇಸರಿಬಾತ್ ತಿನ್ನುವ ಅಭ್ಯಾಸದ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.)

ಬರಿಗಾಲು, ಬೆಣಚುಕಲ್ಲು

ಈಗ ಅನೇಕ ಪಾರ್ಕುಗಳಲ್ಲಿ 'ಆಕ್ಯುಪ್ರೆಶರ್ ಪಾತ್' ಎಂದು ಉರುಟು ಕಲ್ಲು ನೆಟ್ಟ ಹಾದಿ ಇರುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತದೆ ಎಂದು ಇನ್ನೊಂದು ಫಾರ್ವರ್ಡ್. ಇಳಿಯುವುದು ನಡೆಯುವುದರಿಂದ, ಕಲ್ಲಿನಿಂದಲ್ಲ. ಹಲವು ವರ್ಷ ಮಧುಮೇಹ ಇದ್ದವರಲ್ಲಿ ಪಾದದ ನರಗಳು ಮಂದವಾಗಿರುತ್ತವೆ. ಮುಳ್ಳು ಚುಚ್ಚಿದರೂ ಬೊಬ್ಬೆ ಎದ್ದರೂ ನೋವಾಗುವುದಿಲ್ಲ. ನೋವಿಲ್ಲದ ಗಾಯದ ಮೇಲೆ ದಿನವೂ ನಡೆದು, ಸೋಂಕು ಮೂಳೆಗೆ ಇಳಿದು, ಬೆರಳನ್ನೋ ಪಾದವನ್ನೋ ತೆಗೆಸಿಕೊಂಡವರು ನಮ್ಮ ಸುತ್ತಲೇ ಇದ್ದಾರೆ. "ನನಗೆ ಕಲ್ಲಿನ ಮೇಲೆ ನಡೆದರೂ ಏನೂ ಅನ್ನಿಸಲ್ಲ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅವರನ್ನು ಮೊದಲು ಕರೆದೊಯ್ಯಬೇಕಾದದ್ದು ವೈದ್ಯರ ಬಳಿಗೆ. ತೆಳ್ಳನೆಯ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಎರಡು ನಿಮಿಷದ ಪರೀಕ್ಷೆ ಇದೆ, ವರ್ಷಕ್ಕೊಮ್ಮೆ ಮಾಡಿಸಬೇಕು.

ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವಾಗಲೂ ಇದೇ ಎಚ್ಚರ ಬೇಕು. ಕಾಲು ಸುಟ್ಟದ್ದು ಮನೆಗೆ ಬಂದು ಬೊಬ್ಬೆ ನೋಡಿದಾಗಲೇ ತಿಳಿಯುತ್ತದೆ. ಬೆಳಗ್ಗೆ ಬೇಗ ಹೋಗಿ, ಅಥವಾ ಕಾಲುಚೀಲ ಹಾಕಿಕೊಳ್ಳಿ. ವಾಕಿಂಗ್‌ಗೆ ಬೆರಳು ಹಿಸುಕದ ಶೂ, ಹತ್ತಿಯ ಕಾಲುಚೀಲ ಇರಲಿ. ಶೂ ತೊಡುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಹುಳು ಇಲ್ಲವೆಂದು ನೋಡಿ. ಸ್ಪರ್ಶ ಆಗಲೇ ಕಡಿಮೆ ಇದ್ದವರಿಗೆ ಮೆತ್ತನೆಯ ಎಂಸಿಆರ್ ಚಪ್ಪಲಿ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟುಕೊಂಡರಾಯಿತು, ಇಲ್ಲವೇ ಮನೆಯವರು ನೋಡಲಿ. ಪಾದದಲ್ಲಿ ಈಗಾಗಲೇ ಹುಣ್ಣು ಇದ್ದರೆ ಅದು ಮಾಯುವವರೆಗೆ ವಾಕಿಂಗ್ ಬೇಡ. ಕೂತು ಮಾಡುವ ಕೈ ವ್ಯಾಯಾಮ ಮಾಡಬಹುದು.

ಕಣ್ಣಿನ ಹಿಂಪರದೆಯಲ್ಲಿ ಮಧುಮೇಹದಿಂದ ರಕ್ತಸ್ರಾವ ಆಗಿರುವವರು ತಲೆ ಕೆಳಗಾಗುವ ಆಸನಗಳನ್ನೂ ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನೂ ಬಿಡಬೇಕು. ನಡೆಯುವಾಗ ಎದೆ ಬಿಗಿತವೋ ಎಂದಿಲ್ಲದ ಏದುಸಿರೋ ಬಂದರೆ ಅದನ್ನು 'ಗ್ಯಾಸ್' ಎಂದುಕೊಳ್ಳಬೇಡಿ. ಮಧುಮೇಹಿಗಳಲ್ಲಿ ಹೃದಯದ ತೊಂದರೆ ಸದ್ದಿಲ್ಲದೆ ಬರುತ್ತದೆ.

ಹಾಗಾದರೆ ಮಾತ್ರೆ ಕಡಿಮೆಯಾಗುವುದು ಯಾವಾಗ?

ಆಗುತ್ತದೆ, ಆದರೆ ಬೇರೆ ದಾರಿಯಲ್ಲಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದು ಪ್ರಯೋಗ ಮಾಡಿ. ರಾತ್ರಿ ಎಂದಿನಂತೆ ಉಂಡು, ನಡೆಯದೆ, ಎರಡು ಗಂಟೆಯ ನಂತರದ ಶುಗರ್ ಬರೆದಿಡಿ. ಮರುದಿನ ಅದೇ ಊಟ, ಅಷ್ಟೇ ಪ್ರಮಾಣ, ಉಂಡು ಹದಿನೈದು ನಿಮಿಷಕ್ಕೆ ಹೊರಟು ಹತ್ತು ನಿಮಿಷದ ನಡಿಗೆ, ಮತ್ತೆ ಎರಡು ಗಂಟೆಗೆ ಪರೀಕ್ಷೆ. ಒಂದೇ ಸಲ ನೋಡಿದರೆ ಸಾಲದು, ಮೂರ್ನಾಲ್ಕು ಜೋಡಿ ದಿನ ಮಾಡಿ. ಎರಡು ಸಂಖ್ಯೆಗಳ ನಡುವಿನ ಅಂತರ ನಿಮ್ಮ ದೇಹದ್ದೇ ಉತ್ತರ.

ಆಮೇಲೆ ಒಂದು ತಿಂಗಳು ನಡಿಗೆ ಮುಂದುವರಿಸಿ, ಬೆಳಗಿನ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರ್ ಅನ್ನು ವಾರಕ್ಕೆರಡು ಸಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೈ ನಡುಗಿದ, ಬೆವರು ಬಂದ ದಿನಗಳಿದ್ದರೆ ಅದನ್ನೂ ಬರೆಯಿರಿ, ಹಾಗೆ ಆದರೆ ತಿಂಗಳು ಮುಗಿಯುವವರೆಗೆ ಕಾಯಬೇಡಿ. ಆ ಪುಸ್ತಕವನ್ನೂ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಹಿಡಿದು ವೈದ್ಯರ ಬಳಿ ಹೋಗಿ, "ನಡೆಯಲು ಶುರು ಮಾಡಿದ್ದೇನೆ, ಡೋಸ್ ಬದಲಿಸಬೇಕೇ?" ಎಂದು ಕೇಳಿ. ಸಂಖ್ಯೆಗಳು ಇಳಿದಿದ್ದರೆ ಅವರು ಸಾಮಾನ್ಯವಾಗಿ ಮೊದಲು ಕಡಿಮೆ ಮಾಡುವುದು ಲೋ ಶುಗರ್ ತರುವ ಔಷಧವನ್ನೇ.